ಕೆರೆಯ ಆಳ, ಕಣ್ಣಿನ ಪರದೆಯ ದಪ್ಪ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದ ದೊಡ್ಡ ಕೆರೆಯೊಂದಿದೆ. ಶ್ರೀರಾಮನ ಹೆಸರಿನೊಡನೆ ಅದನ್ನು ಕೂಡಿಸುವ ಐತಿಹ್ಯವೂ ಉಂಟು. ಆ ಕೆರೆಯ ಆಳವನ್ನು ತಿಳಿಯಬೇಕೆನ್ನಿ. ತೆಪ್ಪದಲ್ಲಿ ಕುಳಿತು, ಕಲ್ಲು ಕಟ್ಟಿದ ಹಗ್ಗವನ್ನು ಅಲ್ಲಲ್ಲಿ ಇಳಿಬಿಟ್ಟು ಅಳೆಯಬೇಕು. ಹತ್ತು ಕಡೆ ಬಿಟ್ಟರೆ ಸಾಕೆ? ನೂರು ಕಡೆ ಬೇಕೆ? ಕಣ್ಣಿನ ವೈದ್ಯರೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ.

ನಮ್ಮ ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವೆಂಬ ತೆಳುಪರದೆ ಇದೆ. ಅಕ್ಷರ ಓದುವಾಗ, ಸೂಜಿಗೆ ದಾರ ಪೋಣಿಸುವಾಗ ನಾವು ನೆಚ್ಚುವುದು ಅದರ ನಡುಭಾಗವನ್ನು. ಅಲ್ಲಿ ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್ ಮಾತ್ರ. ಸಕ್ಕರೆ ಕಾಯಿಲೆಯವರಲ್ಲಿ ಅಲ್ಲಿನ ಸಣ್ಣ ರಕ್ತನಾಳಗಳು ಸೋರಿ ಪರದೆ ಊದಿಕೊಳ್ಳುವುದುಂಟು. ಕಣ್ಣಿಗೆ ಚುಚ್ಚುಮದ್ದು ಬೇಕೆ, ಹಿಂದೆ ಕೊಟ್ಟದ್ದು ಫಲಿಸಿತೆ ಎಂಬುದನ್ನು ನಿಶ್ಚಯಿಸುವಾಗ ವೈದ್ಯರು ದೃಷ್ಟಿಯ ಜೊತೆಗೆ ಈ ದಪ್ಪವನ್ನೂ ನೋಡುತ್ತಾರೆ.

ಇದನ್ನು ಅಳೆಯುವ ಓ.ಸಿ.ಟಿ. ಎಂಬ ವಿಧಾನವನ್ನು ಅಮೆರಿಕದ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ ಮೊದಲಾದವರು 1991ರಲ್ಲಿ ಪ್ರಕಟಿಸಿದರು. ಇಲ್ಲಿ ಹಗ್ಗದ ಕೆಲಸವನ್ನು ಬೆಳಕಿನ ಕಿರಣ ಮಾಡುತ್ತದೆ. ಪರದೆಯ ಪದರಗಳಿಂದ ಹಿಂದಿರುಗಿದ ಬೆಳಕಿನಿಂದ ಆ ಬಿಂದುವಿನ ದಪ್ಪ ತಿಳಿಯುತ್ತದೆ. ಕಿರಣ ಬೀಳದ ಎಡೆಯನ್ನು ಯಂತ್ರವು ಅಕ್ಕಪಕ್ಕದ ಅಳತೆಗಳಿಂದ ಅಂದಾಜು ಮಾಡಿ ತುಂಬುತ್ತದೆ.

ಹಳೆಯ ಯಂತ್ರಗಳಲ್ಲಿ, 6 ಮಿಲಿಮೀಟರ್ ಅಗಲದ ವೃತ್ತದಲ್ಲಿ ಗಾಡಿಯ ಚಕ್ರದ ಅರೆಕಾಲುಗಳಂತೆ ಆರು ಗೆರೆಗಳನ್ನೆಳೆದು ಅಳೆಯುವ ಕ್ರಮವಿತ್ತು. ತ್ವರಿತ ಕ್ರಮದಲ್ಲಿ ಗೆರೆಗೆ 128ರಂತೆ ಒಟ್ಟು 768 ಬಿಂದುಗಳು. ನಡುವೆ ಗೆರೆಗಳು ಒತ್ತಾಗಿದ್ದರೂ ಅಂಚಿನಲ್ಲಿ ಒಂದಕ್ಕೊಂದು ಒಂದೂವರೆ ಮಿಲಿಮೀಟರಿಗೂ ಮಿಗಿಲಾಗಿ ದೂರ. ಮುಂದೆ ಬಂದ ಯಂತ್ರವೊಂದು 6 ಮಿಲಿಮೀಟರ್ ಚೌಕದಲ್ಲಿ 128 ಗೆರೆಗಳನ್ನೆಳೆದು, ಗೆರೆಗೆ 512ರಂತೆ 65,536 ಬಿಂದುಗಳನ್ನು ಅಳೆಯುತ್ತದೆ. ಗೆರೆಗಳ ನಡುವಣ ಅಂತರ ಸುಮಾರು 47 ಮೈಕ್ರಾನ್. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರ್.

ಹಾಗಾದರೆ ಗೆರೆಗಳು ಹೆಚ್ಚಿದಷ್ಟೂ ಲೇಸೆ? ಯಾವುದನ್ನು ಅಳೆಯುತ್ತೇವೆ ಎಂಬುದರ ಮೇಲೆ ಇದು ನಿಂತಿದೆ. ನಡುಭಾಗದ ಸರಾಸರಿಯಷ್ಟೇ ಬೇಕಾದರೆ, ಸಮನಾಗಿ ಹಂಚಿದ ಗೆರೆಗಳನ್ನು ಸಾಕಷ್ಟು ಕಡಮೆ ಮಾಡಿದರೂ ಅಂಕಿ ಅಷ್ಟಾಗಿ ಬದಲಾಗದು. ಏರುತಗ್ಗುಗಳು ಒಂದನ್ನೊಂದು ಸರಿದೂಗಿಸುತ್ತವೆ. ಆದರೆ ಎರಡು ಗೆರೆಗಳ ನಡುವೆ ಅಡಗಿದ ಸಣ್ಣ ನೀರುಗುಳ್ಳೆ ತಪ್ಪಿಹೋಗಬಹುದು. ಕೆರೆಯ ಸರಾಸರಿ ಆಳ ಸರಿಯಾಗಿ ಸಿಕ್ಕಿದರೂ ಆಳವಾದ ಮಡು ಕಾಣದೆ ಉಳಿಯಬಹುದಲ್ಲವೆ? ಇತ್ತ ಗೆರೆಗಳು ಹೆಚ್ಚಿದರೆ ಹೊತ್ತೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ರೋಗಿಯ ಕಣ್ಣು ಅಲುಗಿದರೆ ಚಿತ್ರವೇ ಕೆಡುತ್ತದೆ. ನಕ್ಷೆಯ ನಡುಬಿಂದು ಜರುಗಿದ್ದರೆ, ಇಲ್ಲವೆ ಯಂತ್ರವು ಪದರದ ಅಂಚನ್ನು ತಪ್ಪಾಗಿ ಗುರುತಿಸಿದರೆ, ಎಷ್ಟು ಗೆರೆಗಳಿದ್ದರೂ ಫಲವಿಲ್ಲ.

ಇನ್ನೊಂದು ಮಾತು. ಎಲ್ಲ ಯಂತ್ರಗಳೂ ಒಂದೇ ಪದರದವರೆಗೆ ಅಳೆಯುವುದಿಲ್ಲ. ಆದ್ದರಿಂದ ಒಂದೇ ಕಣ್ಣಿಗೆ ಎರಡು ಯಂತ್ರಗಳು ಹತ್ತಾರು ಮೈಕ್ರಾನ್ ವ್ಯತ್ಯಾಸ ತೋರಿಸಬಹುದು. ಅದನ್ನು ಕಂಡು ರೋಗ ಉಲ್ಬಣಿಸಿತೆಂದು ಅಂಜುವುದೂ ಬೇಡ, ಗುಣವಾಯಿತೆಂದು ಚಿಕಿತ್ಸೆ ಬಿಡುವುದೂ ಬೇಡ. ಸಾಧ್ಯವಾದಮಟ್ಟಿಗೆ ಒಂದೇ ಬಗೆಯ ಯಂತ್ರದಲ್ಲಿ, ಒಂದೇ ಕ್ರಮದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಹಳೆಯ ವರದಿಗಳನ್ನು ಜೋಪಾನವಾಗಿಟ್ಟು, ಮುಂದಿನ ಸಲ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ, ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದರೂ, ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲದ ತಪಾಸಣೆ ಮಾಡಿಸತಕ್ಕದ್ದು.