ಹೇರು ನೋಡಿ ಗಾಡಿ ಕೊಳ್ಳಿ

ಬಾಡಿಗೆ ಲಾರಿಯನ್ನು ಕಾದು ಬೇಸತ್ತು, ಸ್ವಂತಕ್ಕೊಂದು ಸಾಮಾನು ಗಾಡಿ ಇರಲೆಂದು ಯೋಚಿಸುವ ರೈತರು ನಮ್ಮ ತಾಳವಾಡಿ ಸೀಮೆಯಲ್ಲಿ ಬಹಳ ಮಂದಿ. ಆದರೆ ಅಂಗಡಿಯ ಮೆಟ್ಟಿಲೇರಿದೊಡನೆ ನಾವು ಕೇಳುವ ಮೊದಲ ಪ್ರಶ್ನೆ, 'ಲೀಟರಿಗೆ ಎಷ್ಟು ಓಡುತ್ತದೆ?' ಅದಕ್ಕೂ ಮೊದಲು ನಮ್ಮನ್ನೇ ನಾವು ಕೇಳಿಕೊಳ್ಳತಕ್ಕ ಪ್ರಶ್ನೆಯೊಂದುಂಟು: ನಮ್ಮ ಒಂದು ದಿನದ ಹೇರು ಎಷ್ಟು?

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಮುಕ್ಕಾಲು ಟನ್ನು ಹೊರುವ ಚಿಕ್ಕ ಗಾಡಿ ಹಳ್ಳಿಗಳಿಗೆ ಪರಿಚಿತವಾಯಿತು. ಬೊಲೆರೊ, ದೋಸ್ತ್ ಮುಂತಾದ ಪಿಕಪ್‌ಗಳು ಮಾದರಿಗೆ ತಕ್ಕಂತೆ ಒಂದೂಕಾಲು ಟನ್ನು, ಒಂದೂವರೆ ಟನ್ನು, ಅದಕ್ಕೂ ಹೆಚ್ಚು ಹೊರುವವು. ಮಾರುಕಟ್ಟೆಗೆ ಹೋಗಿಬರಲು 120 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಚಿಕ್ಕದು ಲೀಟರಿಗೆ 18, ಪಿಕಪ್ 12 ಕಿಲೋಮೀಟರು ಓಡಲಿ. 1,500 ಕಿಲೋ ಆಲೂಗೆಡ್ಡೆಗೆ ಚಿಕ್ಕ ಗಾಡಿ ಎರಡು ಸಲ ಹೋಗಬೇಕು. ಡೀಸೆಲ್ 13 ಲೀಟರು ಮೀರಿತು. ಪಿಕಪ್ಪಿಗೆ 10 ಲೀಟರು ಸಾಕು. ಹೇರು 700 ಕಿಲೋ ಮಾತ್ರವಾದರೆ ಚಿಕ್ಕದಕ್ಕೆ 7 ಲೀಟರೂ ಬೇಡ, ಪಿಕಪ್ಪಿಗೆ ಹತ್ತಿರ ಹತ್ತು. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ಊರಿನ ಬಾಡಿಗೆ ಗಾಡಿಯವರನ್ನು ವಿಚಾರಿಸಿ ನಿಜವಾದವನ್ನು ಹಾಕಿಕೊಳ್ಳಿ; ಕಂಪನಿಯ ಕಾಗದದಲ್ಲಿರುವ ಅಂಕಿ ಘಟ್ಟದ ರಸ್ತೆಯದಲ್ಲ. ವರ್ಷದಲ್ಲಿ ನಾಲ್ಕು ದಿನ ಬರುವ ದೊಡ್ಡ ಹೇರಿಗಾಗಿ ದೊಡ್ಡ ಗಾಡಿ ಕೊಳ್ಳುವುದು ಜಾಣತನವಲ್ಲ. ಆ ನಾಲ್ಕು ದಿನ ಬಾಡಿಗೆ ಕೊಟ್ಟರಾಯಿತು.

ತೂಕದಂತೆ ಜಾಗವೂ ಮುಖ್ಯ. ಹೂಕೋಸು ತೂಗುವ ಮೊದಲೇ ಬಾಡಿ ತುಂಬುವುದು. ಅರಿಶಿನದ ಮೂಟೆಗಳು ಬಾಡಿ ಅರೆ ತುಂಬುವಷ್ಟರಲ್ಲೇ ತೂಕ ಮುಟ್ಟಿಸುವವು. ಗಾಡಿಯ ಬಾಡಿಯ ಉದ್ದಗಲವನ್ನು ಅಂಗಡಿಯಲ್ಲಿ ಅಳೆದು ತಂದು, ಕಣದಲ್ಲಿ ಸುಣ್ಣದಿಂದ ಗೆರೆ ಎಳೆದು, ನಿಮ್ಮ ಟೊಮೇಟೊ ಕ್ರೇಟುಗಳನ್ನೇ ಅದರೊಳಗೆ ಜೋಡಿಸಿ ನೋಡಿ. ಮಾರುವವರ ಮಾತಿಗಿಂತ ಇದು ಚೆನ್ನಾಗಿ ತಿಳಿಸುವುದು.

ಇನ್ನು ಗಟ್ಟಿತನ. ಚಾಮರಾಜನಗರಕ್ಕೆ ಹೋಗುವವರಿಗೆ ಅಷ್ಟು ಚಿಂತೆಯಿಲ್ಲ. ಸತ್ಯಮಂಗಲ, ಮೆಟ್ಟುಪಾಳ್ಯಂ ಕಡೆಗೆ ಹೋಗುವವರು ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. ಇಲ್ಲೊಂದು ವಿಶೇಷವುಂಟು: ನಮ್ಮ ಗಾಡಿಗಳು ತುಂಬಿಕೊಂಡು ಇಳಿಯುವವು, ಬರಿದಾಗಿ ಹತ್ತುವವು. ಆದುದರಿಂದ ಎಂಜಿನ್ನಿನ ಎಳೆತಕ್ಕಿಂತ ಬ್ರೇಕಿನ ಪರೀಕ್ಷೆ ಹೆಚ್ಚು. ತುಂಬಿದ ಗಾಡಿಯನ್ನು ಕೆಳಗಿನ ಗೇರಿನಲ್ಲೇ ಇಳಿಸಬೇಕು. ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾದು ಹಿಡಿತ ತಪ್ಪುವುದು. ಹಿಂದಿರುಗುವಾಗ ಗೊಬ್ಬರ ತರುವ ರೂಢಿಯಿದ್ದವರು ಮಾತ್ರ ಎಳೆತವನ್ನೂ ನೋಡಬೇಕು; 45 ಕಿಲೋದ ಯೂರಿಯಾ ಚೀಲ ಹತ್ತಾದರೆ ನಾಲ್ಕೂವರೆ ಕ್ವಿಂಟಾಲಾಯಿತು. ಹೊಲದ ದಾರಿಯ ಹಳ್ಳಕೊಳ್ಳಕ್ಕೆ ಗಾಡಿಯ ತಳ ತಾಗದಷ್ಟು ಎತ್ತರ, ಹಿಂದೆ ಬಲವಾದ ಸ್ಪ್ರಿಂಗ್ ಪ್ಲೇಟು, ಸಮೀಪದ ಪೇಟೆಯಲ್ಲೇ ಸಿಗುವ ಬಿಡಿಭಾಗ ಇವೂ ಇರಲಿ.

ಗಡಿ ದಾಟುವ ನಮಗೆ ಕಾನೂನಿನ ಒಂದು ಗೆರೆ ಮುಖ್ಯ. ಗಾಡಿ ಮತ್ತು ಹೇರು ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸಾಮಾನು ಗಾಡಿಗೆ ಮೋಟಾರು ವಾಹನ ಕಾಯಿದೆಯ ಪ್ರಕಾರ ಪರ್ಮಿಟ್ಟು ಬೇಡ. ದೊಡ್ಡ ಪಿಕಪ್‌ಗಳಲ್ಲಿ ಕೆಲವು ಈ ಗೆರೆಯನ್ನು ದಾಟುವವು. ಪಕ್ಕದ ರಾಜ್ಯದ ರಸ್ತೆ ತೆರಿಗೆಯ ವಿಷಯ ಬೇರೆ. ಅದನ್ನು ಸಾರಿಗೆ ಕಚೇರಿಯಲ್ಲಿ ಕೇಳಿಯೇ ತಿಳಿಯಬೇಕು. 2019ರಿಂದ ಮಿತಿ ಮೀರಿ ಹೇರಿದವರಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಎರಡು ಬೆಳೆಯ ಲಾಭ ಒಂದು ತಪಾಸಣೆಯಲ್ಲಿ ಹೋದೀತು. ಹಳೆಯ ಗಾಡಿ ಕೊಳ್ಳುವವರೂ ಮುಂಗಡ ಕೊಡುವ ಮುನ್ನ ನೋಂದಣಿ ಪತ್ರದಲ್ಲಿ ಈ ಒಟ್ಟು ತೂಕವನ್ನು ಓದಿ ನೋಡಲಿ.