ಉಸಿರಾಟ ನಿಗಾ ಉಪಕರಣಗಳು: ಬೇಡಿಕೆಯೂ ಲೆಕ್ಕವೂ

ಕೋವಿಡ್‌ಗೆ ಮುನ್ನ ಬಹುತೇಕ ಆಸ್ಪತ್ರೆಗಳಿಗೆ ಸೀಮಿತವಾಗಿದ್ದ ಪಲ್ಸ್ ಆಕ್ಸಿಮೀಟರ್, 2020ರ ಬಳಿಕ ಕರ್ನಾಟಕದ ಸಣ್ಣ ಪಟ್ಟಣಗಳ ಔಷಧಿ ಅಂಗಡಿಗಳಿಗೂ ಬಂದಿತು. ಆಸ್ತಮಾ ರೋಗಿಗಳ ನಿಗಾಕ್ಕೆ ಪೀಕ್ ಫ್ಲೋ ಮೀಟರ್, ಸ್ಪೈರೋಮೀಟರ್‌ಗಳೂ ಬೇಕಾಗುತ್ತವೆ. ಉಸಿರಾಟದ ಉಪಕರಣಗಳನ್ನು ಇಲ್ಲಿಯೇ ತಯಾರಿಸಬಹುದೆಂಬುದಕ್ಕೆ ನಿದರ್ಶನವೂ ಇದೆ: 2020ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಮೈಸೂರಿನ ಸ್ಕ್ಯಾನ್‌ರೇ ಸಹಯೋಗದಲ್ಲಿ ವೆಂಟಿಲೇಟರ್‌ಗಳನ್ನು ತಯಾರಿಸಿತು.

ಆದರೆ ಬೇಡಿಕೆ ಇದ್ದ ಮಾತ್ರಕ್ಕೆ ಲಾಭ ಖಚಿತವಲ್ಲ. ಬಂಡವಾಳ ಹೂಡುವ ಮುನ್ನ ಮೂರು ಅಂಶಗಳನ್ನು ಪರಿಶೀಲಿಸುವುದು ಅಗತ್ಯ.

ಪರವಾನಗಿ: 1-4-2020ರಿಂದ ವೈದ್ಯಕೀಯ ಉಪಕರಣಗಳೆಲ್ಲವೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಎ ಮತ್ತು ಬಿ ವರ್ಗದ ಉಪಕರಣಗಳ ತಯಾರಿಕೆಗೆ ರಾಜ್ಯ, ಸಿ ಮತ್ತು ಡಿ ವರ್ಗಕ್ಕೆ ಕೇಂದ್ರ ಪ್ರಾಧಿಕಾರವು ಪರವಾನಗಿ ನೀಡುತ್ತದೆ. ಔಷಧ ಮಾರಾಟದ ಪರವಾನಗಿ ಇಲ್ಲದ ವರ್ತಕರು ಎಂ.ಡಿ.-42 ನೋಂದಣಿ ಪಡೆಯಬೇಕು.

ಬೆಲೆ: 20-7-2021ರಿಂದ ಜಾರಿಗೆ ಬಂದ ಆದೇಶವು ಆಕ್ಸಿಮೀಟರ್, ನೆಬ್ಯುಲೈಸರ್ ಸೇರಿದಂತೆ ಐದು ಉಪಕರಣಗಳ ವ್ಯಾಪಾರಿ ಲಾಭಾಂಶವನ್ನು ಶೇ. 70ಕ್ಕೆ ಮಿತಿಗೊಳಿಸಿತು. ಅದರಂತೆ ವಿತರಕರಿಗೆ ರೂ. 500ಕ್ಕೆ ಬಂದ ಸರಕಿನ ಗರಿಷ್ಠ ಬೆಲೆ, ತೆರಿಗೆ ಹೊರತಾಗಿ, ರೂ. 850. ದಾಸ್ತಾನು ಕೊಳ್ಳುವ ಮುನ್ನ ಚಾಲ್ತಿಯಲ್ಲಿರುವ ಆದೇಶವನ್ನು ನೋಡಿಕೊಳ್ಳತಕ್ಕದ್ದು.

ತೆರಿಗೆ: 22-9-2025ರಿಂದ ವೈದ್ಯಕೀಯ ಉಪಕರಣಗಳ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ, ಬಿಡಿಭಾಗಗಳ ಮೇಲೆ ಬಹುತೇಕ ಶೇ. 18 ಇದೆ. ರೂ. 1 ಲಕ್ಷದ ಬಿಡಿಭಾಗ ಕೊಂಡು ರೂ. 2 ಲಕ್ಷಕ್ಕೆ ಮಾರುವ ತಯಾರಕರಿಗೆ ರೂ. 8,000 ಜಮೆಯಾಗಿಯೇ ಉಳಿಯುತ್ತದೆ. ಅದರ ಮರುಪಾವತಿಗೆ ಅರ್ಜಿ ಸಲ್ಲಿಸಬಹುದು. ಆದರೆ ಸೇವೆಗಳ ಮೇಲೆ ತೆತ್ತ ತೆರಿಗೆಯು ಹೀಗೆ ಮರಳಿ ಬಾರದು.

ಆದುದರಿಂದ ಮರುಪಾವತಿ ಕೈಸೇರುವವರೆಗಿನ ದುಡಿಯುವ ಬಂಡವಾಳದ ಬಡ್ಡಿಯನ್ನೂ ಸೇರಿಸಿಯೇ ಬೆಲೆ ನಿಗದಿಪಡಿಸುವುದು ಜಾಣತನ.