‘ಬರುವ’, ‘ಮುಂದಿನ’, ‘ಮರು’: ಸಮೀಪ ಭವಿಷ್ಯದ ವಿಶೇಷಣಗಳು

ಪುಣೆಯ ಯೆರವಡಾದಲ್ಲಿರುವ ಡೆಕ್ಕನ್ ಕಾಲೇಜು ೧೯೩೯ರಲ್ಲಿ ಸಂಶೋಧನ ಸಂಸ್ಥೆಯಾಗಿ ಪುನರಾರಂಭಗೊಂಡ ಮೇಲೆ ದ್ರಾವಿಡ ಭಾಷೆಗಳ ವರ್ಣನಾತ್ಮಕ ಅಧ್ಯಯನಕ್ಕೂ ಒಂದು ನೆಲೆಯಾಯಿತು. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವಿವರಣೆ (೧೯೫೮), ಡಿ. ಎನ್. ಶಂಕರ ಭಟ್ಟರ ತುಳು ವಿಶ್ಲೇಷಣೆ (೧೯೬೭) ಅಲ್ಲಿಂದಲೇ ಪ್ರಕಟವಾದವು. ಗುಣವಾಚಕ ವರ್ಗವನ್ನು ಕುರಿತ ತಮ್ಮ ೧೯೯೪ರ ಗ್ರಂಥದಲ್ಲಿ ಭಟ್ಟರು, ಈ ವರ್ಗದ ಸ್ಥಾನಮಾನ ಎಲ್ಲ ಭಾಷೆಗಳಲ್ಲಿಯೂ ಒಂದೇ ಬಗೆಯದಲ್ಲವೆಂದು ತೋರಿಸಿದರು. ಸಮೀಪ ಭವಿಷ್ಯವನ್ನು ಸೂಚಿಸುವ ಪದಗಳು ಇದಕ್ಕೆ ತಕ್ಕ ನಿದರ್ಶನ.

‘ಬರುವ ಸೋಮವಾರ’ ಎಂಬಲ್ಲಿನ ‘ಬರುವ’ ಸಹಜ ಗುಣವಾಚಕವಲ್ಲ. ‘ಬರು’ ಧಾತುವಿನ ಕೃದಂತ. ‘ಮುಂದಿನ’ ಎಂಬುದು ‘ಮುಂದು’ ಎಂಬ ಸ್ಥಾನವಾಚಿ ಪದದ ಷಷ್ಠೀ ರೂಪ. ಮೊದಲನೆಯದರಲ್ಲಿ ಕಾಲವೇ ಮನುಷ್ಯನತ್ತ ನಡೆದು ಬರುತ್ತದೆ. ಎರಡನೆಯದರಲ್ಲಿ ಅದು ಅವನ ಎದುರಿಗೆ ನಿಂತಿರುತ್ತದೆ. ಮರಾಠಿಯ ‘ಯೇತಾ’, ‘ಪುಢಚಾ’ಗಳದೂ ಇದೇ ಜೋಡಿ. ಸ್ಪ್ಯಾನಿಷಿನ ‘ಕೆ ವಿಯೆನೆ’, ಪೋರ್ಚುಗೀಸಿನ ‘ಕೆ ವೆಂ’ ಅರ್ಥದಲ್ಲಿ ನಮ್ಮ ‘ಬರುವ’ವೇ. ಆದರೆ ಅಲ್ಲಿ ವಿಶೇಷ್ಯದ ಅನಂತರ ಒಂದು ಉಪವಾಕ್ಯವೇ ಬರಬೇಕು. ಇಲ್ಲಿ ವಿಶೇಷ್ಯದ ಹಿಂದೆ ಒಂದು ಕೃದಂತ ಸಾಕು. ಆ ಭಾಷೆಗಳ ‘ಪ್ರೊಕ್ಸಿಮೊ’ ಲ್ಯಾಟಿನ್ನಿನ ‘ಅತಿ ಸಮೀಪದ’ ಎಂಬರ್ಥದ ಪದದಿಂದ ಬಂದುದು. ಅದು ಚಲನೆಯನ್ನಲ್ಲ, ದೂರವನ್ನು ಅಳೆಯುತ್ತದೆ.

ಇನ್ನೂ ಮುಖ್ಯವಾದ ಭೇದ ಆಧಾರಬಿಂದುವಿನದು. ‘ಬರುವ’ ಎಂಬುದು ಮಾತನಾಡುವ ಕ್ಷಣಕ್ಕೆ ಕಟ್ಟುಬಿದ್ದಿದೆ. ‘ಅದರ ಮುಂದಿನ ವರ್ಷ’ ಎನ್ನಬಹುದು. ‘ಅದರ ಬರುವ ವರ್ಷ’ ಎನ್ನಲಾಗದು. ಕಥನದೊಳಗಿನ ಕಾಲಕ್ಕೆ ಸ್ಪ್ಯಾನಿಷಿನಲ್ಲಿ ‘ಸಿಗಿಯೆಂತೆ’ ಎಂಬ ಬೇರೆ ಪದವುಂಟು. ಕನ್ನಡದಲ್ಲಿ ‘ಮರುದಿನ’, ‘ಮರುವರ್ಷ’ಗಳ ‘ಮರು’ ಉಂಟು. ‘ನಾಳೆ’ ಮತ್ತು ‘ಮರುದಿನ’ ಬೇರೆಬೇರೆಯಾಗುವುದು ಈ ಕಾರಣದಿಂದಲೇ. ‘ಮುಂದಿನ’ ಮಾತ್ರ ಎರಡೂ ಕೆಲಸಗಳನ್ನು ಹೊತ್ತಿದೆ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಶನಿವಾರ ಹೊರಟ ಪ್ರಕಟಣೆಯಲ್ಲಿ ‘ಮುಂದಿನ ಸೋಮವಾರ ಪರೀಕ್ಷೆ’ ಎಂದಿದ್ದರೆ ಒಬ್ಬ ವಿದ್ಯಾರ್ಥಿ ೨ ದಿನವೆಂದೂ ಮತ್ತೊಬ್ಬ ೯ ದಿನವೆಂದೂ ಎಣಿಸುವುದು ಸಾಧ್ಯ. ಎರಡನೆಯವನಿಗೆ ಒಂದು ವರ್ಷವೇ ನಷ್ಟವಾದೀತು. ‘ಬರುವ ಸೋಮವಾರ’ ಎಂದಿದ್ದರೆ ಈ ಸಂದೇಹ ಬಹುಮಟ್ಟಿಗೆ ನೀಗುತ್ತದೆ. ‘ಪ್ರೊಕ್ಸಿಮೊ’ದಲ್ಲಿಯೂ ಇದೇ ತೊಡಕಿದೆ. ನಮ್ಮ ನಿಘಂಟುಗಳು ಈ ಮೂರನ್ನೂ ಸಮಾನಾರ್ಥಕಗಳೆಂದು ಬಿಡದೆ, ಪ್ರತಿಯೊಂದರ ಆಧಾರಬಿಂದುವನ್ನೂ ಗುರುತಿಸುವುದು ಅಗತ್ಯ. ಅನ್ಯಭಾಷೆಯ ಕನ್ನಡಿ ಇಲ್ಲಿ ನಮಗೆ ತೋರಿಸುವುದು ನಮ್ಮ ನುಡಿಯ ಕೊರತೆಯನ್ನಲ್ಲ, ಅದರ ವಿವೇಕವನ್ನು.